ಅವ್ವ ಕೆಮ್ಮಿದ್ದಳೇನು?

ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಇಡೀ ಊರೇ ಕೆಮ್ಮುತ್ತದೆ. ದಲ್ಲಾಳಿಗಳ ಅಡತಿ ಅಂಗಡಿಗಳ ಮುಂದೆ ರಾಶಿ ಸುರುವಿ ತೂರುವಾಗ ಏಳುವ ಧೂಳು ಬಸ್‌ಸ್ಟ್ಯಾಂಡಿನ ಚಹಾದ ಮೇಲೂ ಕೆನೆಯ ಹಾಗೆ ಕೂರುತ್ತದೆ. ಅದರೊಳಗೆ ನನ್ನ ಕೆಮ್ಮೊಂದು ಬೇರೆ ಜಾತಿಯದು ಎಂದು ಯಾರಿಗೆ ಗೊತ್ತಾಗಬೇಕು? ನಮ್ಮ ಯಜಮಾನರು ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರು. ಅವರು ಕೆಮ್ಮುತ್ತಿದ್ದರು, ಬಾಡಿಗೆ ಮನೆಯ ಮಾಲಕಿ ಕೆಮ್ಮುತ್ತಿದ್ದಳು, ಮಾಲಕಿಯ ಆಡೂ ಕೆಮ್ಮುತ್ತಿತ್ತು. ಸುಗ್ಗಿ ಮುಗಿಯಿತು. ಎಲ್ಲರ ಕೆಮ್ಮೂ ನಿಂತಿತು, ಆಡಿನದೂ ನಿಂತಿತು. ನನ್ನದು ನಿಲ್ಲಲಿಲ್ಲ.

ಎರಡು ಸಾವಿರದ ಇಸವಿ ಬಂದ ಹೊಸತು. ಮೊಬೈಲು ನಮ್ಮಂಥವರ ಮನೆಗೆ ಇನ್ನೂ ಕಾಲಿಟ್ಟಿರಲಿಲ್ಲ. ಅವ್ವ ನನ್ನ ತೌರೂರು ಮಾಗಳದಿಂದ ಮೊಮ್ಮಗಳನ್ನು ನೋಡುವ ನೆವ ಮಾಡಿ ಬಂದವಳು, ನಾನು ನೀರಿನ ತಂಬಿಗೆ ಕೊಡಲು ಕೈ ಚಾಚಿದಾಗ ತಂಬಿಗೆ ಬಿಟ್ಟು ಕೈಯನ್ನೇ ಹಿಡಿದಳು.

"ಏನಲೇ ನೀಲಿ, ಬಳಿ ಮೊಣಕೈ ಮಟ ಏರ್ಯಾವು? ಗಂಡ ನಿನ್ನ ತಾಟೂ ಕಸಗೊಂಡು ಉಣ್ತಾನೇನು?"

ಒಳಗಿದ್ದ ಯಜಮಾನರು ಉಣ್ಣುವುದನ್ನು ಬಿಟ್ಟು ಎದ್ದು ಬಂದರು. ಅವ್ವನ ಮಾತೇ ಹಾಗೆ. ನಗಿಸುತ್ತಿದ್ದಾಳೋ ಕುಕ್ಕುತ್ತಿದ್ದಾಳೋ ತಿಳಿಯುವಷ್ಟರಲ್ಲಿ ಮುಂದಿನ ಮಾತಿಗೆ ಹೋಗಿರುತ್ತಿದ್ದಳು. ನಾನು ಆಡುವ ನಾಲ್ಕು ಮಾತೂ ಅವಳ ಬಾಯಿಂದ ಎತ್ತಿಕೊಂಡವೇ.

ಮರುದಿನವೇ ನನ್ನನ್ನೂ ಮಗಳು ರೂಪಾಳನ್ನೂ ಕರೆದುಕೊಂಡು ಹೊರಟಳು. ಹಡಗಲಿಯ ಸರ್ಕಾರಿ ದವಾಖಾನೆಯ ಪಡಸಾಲೆಯಲ್ಲಿ ಕಟ್ಟೆಯ ಮೇಲೆ ಸಾಲಾಗಿ ಕೂತೆವು. ಒಂದು ಪುಟ್ಟ ಡಬ್ಬಿ ಕೊಟ್ಟು ಕಫ ಹಾಕಿ ತಾ ಎಂದರು. ಊರಲ್ಲಿ ಹಗಲೂ ರಾತ್ರಿ ಬರುತ್ತಿದ್ದ ಕಫ, ಡಬ್ಬಿ ಕಂಡ ಕೂಡಲೇ ಹೊಸ ಮದುಮಗಳ ಹಾಗೆ ಒಳಗೆ ಸೇರಿಕೊಂಡಿತು. ನಾನು ಗೋಡೆಯ ಮರೆಗೆ ನಿಂತು ಒದ್ದಾಡುತ್ತಿದ್ದರೆ ಅವ್ವ ಇತ್ತ ಪಡಸಾಲೆಯಲ್ಲಿದ್ದವರ ಊರು, ಮನೆತನ, ಯಾರಿಗೆ ಏನು ಬೇನೆ ಎಲ್ಲಾ ವಿಚಾರಿಸಿ ಮುಗಿಸಿದ್ದಳು.

ಡಾಕ್ಟರು ಎಳೆಯ ವಯಸ್ಸಿನವರು. ಟಿ.ಬಿ. ಎಂದು ಮೆಲ್ಲಗೆ ಹೇಳಿದರು, ಯಾರದೋ ಗುಟ್ಟು ಹೇಳುವವರ ಹಾಗೆ. "ಗುಣ ಆಗುತ್ತಮ್ಮ. ಮಾತ್ರೆ ಮಾತ್ರ ತಪ್ಪಿಸಬಾರದು."

ಅವ್ವ ಸೆರಗು ಹೊದ್ದುಕೊಂಡು ಹೇಳಿದಳು: "ಡಾಕ್ಟ್ರೇ, ನಮ್ಮ ಹಿರೇರು ಇದಕ್ಕ ರಾಜರೋಗ ಅಂತಿದ್ರು. ಏಳು ತಲಿಯಿಂದ ನಮ್ಮ ವಂಶದಾಗ ಯಾರೂ ರಾಜ ಆಗಿರಲಿಲ್ಲ. ಅಂತೂ ಇಕಿ ಒಬ್ಬಾಕಿ ರಾಣಿ ಆದ್ಲು ನೋಡ್ರಿ."

ಡಾಕ್ಟರು ನಕ್ಕರು. ನಾನೂ ನಕ್ಕೆ. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಅವ್ವ ನಮ್ಮಿಬ್ಬರನ್ನೂ ಕೂರಿಸಿ, ತಾನು ಗೋಡೆಗೆ ಅಂಟಿಸಿದ್ದ ಸಿನಿಮಾ ಪೋಸ್ಟರಿನ ಕಡೆ ಮುಖ ಮಾಡಿ ನಿಂತಳು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಬಹಳ ಹೊತ್ತು ಓದಿದಳು.

ಅಲ್ಲಿಂದ ನಮ್ಮಿಬ್ಬರನ್ನೂ ಮಾಗಳಕ್ಕೇ ಕರೆತಂದಳು. ಅಲ್ಲಿ ನಮ್ಮ ಮನೆಯೆಂದರೆ ಅವ್ವ, ಅಣ್ಣ ಕೊಟ್ರೇಶಿ, ಅತ್ತಿಗೆ, ಅವರ ಎರಡು ಸಣ್ಣ ಮಕ್ಕಳು. ಮನೆಯಲ್ಲಿ ಕೂಸುಗಳಿವೆ ಎಂದು ಅಣ್ಣ ರೂಪಾಳನ್ನು ಅವುಗಳ ಜೊತೆ ಇಟ್ಟುಕೊಂಡು, ನನ್ನ ಹಾಸಿಗೆಯನ್ನು ಮಲ್ಲಿಗೆ ತೋಟದ ಕೋಣೆಗೆ ಹಾಕಿಸಿದ. ಊರಿಂದ ಹೊಳೆಗೆ ಇಳಿಯುವ ಹಾದಿಯಲ್ಲಿದೆ ಆ ತೋಟ. ಪಂಪ್‌ಸೆಟ್ಟಿನ ಪಕ್ಕ ತಗಡಿನ ಸೂರು. ಅದರಲ್ಲಿ ನಾನು, ನನ್ನ ತಾಟು, ನನ್ನ ಲೋಟ. ಅಣ್ಣನ ಮೇಲೆ ನನಗೆ ಆಗ ಸಿಟ್ಟಿರಲಿಲ್ಲ. ಮಕ್ಕಳಿದ್ದವರು ಯಾರಾದರೂ ಅದನ್ನೇ ಮಾಡುತ್ತಿದ್ದರು. ಹೂವು ಮುಟ್ಟಬೇಡ ಎಂದ. ಅದಕ್ಕೂ ಹೂಂ ಎಂದೆ. ಟಿ.ಬಿ. ಇದ್ದಾಕೆ ಬಿಡಿಸಿದ ಹೂವು ಎಂದು ಗೊತ್ತಾದರೆ ಹಡಗಲಿ ಸಂತೆಯಲ್ಲಿ ಯಾರು ಮುಡಿಯುತ್ತಾರೆ? ಹುಟ್ಟಿದಾಗಿನಿಂದ ಮಲ್ಲಿಗೆ ಬಿಡಿಸಿದ ಕೈ ಮಡಚಿಕೊಂಡು, ಕೂಲಿ ಹೆಣ್ಣುಮಕ್ಕಳು ಬಿಡಿಸುವುದನ್ನು ದೂರದಿಂದ ನೋಡುತ್ತಾ ಕೂತಿರುತ್ತಿದ್ದೆ.

ನರ್ಸಮ್ಮ ಬಸ್ಸಿಳಿದು ತೋಟದ ಹಾದಿಯಲ್ಲೇ ಬಂದು ಮಾತ್ರೆ ಕೊಟ್ಟು, ನಾನು ನುಂಗುವುದನ್ನು ನೋಡಿಯೇ ಮುಂದೆ ಹೋಗುತ್ತಿದ್ದಳು. ಮೊದಲ ದಿನ ಮೂತ್ರ ಕೆಂಪಾಗಿ ಹೋಯಿತು. ಸತ್ತೇ ಹೋದೆ ಎಂದು ಕೂಗಿಕೊಂಡೆ. ಅದು ಮಾತ್ರೆಯ ಬಣ್ಣ, ಹೆದರಬೇಡ ಎಂದು ಆಕೆ ಮೊದಲೇ ಹೇಳಿದ್ದಳು, ನನಗೆ ಮರೆತಿತ್ತು. ಹೊಸದಾಗಿ ಮಾತ್ರೆ ಶುರು ಮಾಡಿದವರು ಇದನ್ನು ಓದುತ್ತಿದ್ದರೆ ನೆನಪಿಟ್ಟುಕೊಳ್ಳಿರಿ, ಅದಕ್ಕೆ ಹೆದರಬೇಡಿರಿ. ಹೆದರುವುದಕ್ಕೆ ಬೇರೆ ಸಂಗತಿಗಳಿವೆ.

ಅವ್ವ ದಿನಾ ಬರುತ್ತಿದ್ದಳು. ಬುಟ್ಟಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ದೂರ ಕೂರು ಎಂದರೆ ಕೇಳುತ್ತಿರಲಿಲ್ಲ, ನನ್ನ ಕೌದಿಯ ಮೇಲೇ ಕೂತುಬಿಡುತ್ತಿದ್ದಳು. ಅಣ್ಣ ಬೈದರೆ, "ಇಕಿನ್ನ ಹೊಟ್ಯಾಗ ಇಟಗೊಂಡು ತಿರಗೀನಿ. ಈಗ ಇಕಿ ಉಸಿರಿಗೆ ಹೆದರ್ಲೇನು?" ಎನ್ನುತ್ತಿದ್ದಳು. ರೂಪಾ ಬೇಲಿಯ ಆಚೆ ನಿಂತು ಊರ ಸುದ್ದಿ ಕೂಗಿ ಹೇಳುತ್ತಿತ್ತು. ಬೆಕ್ಕು ಮರಿ ಹಾಕಿದ್ದು, ಅತ್ತಿಗೆ ಒಲೆಯ ಮುಂದೆ ಅತ್ತದ್ದು, ಎಲ್ಲ. ಊರಿಗೆಲ್ಲ ಕೇಳುವ ಹಾಗೆ.

ಬೇಸಿಗೆಯ ಒಂದು ಬೆಳಿಗ್ಗೆ ಅವ್ವನ ಬದಲು ಅಣ್ಣ ಬಂದ. ಇಬ್ಬನಿ ಆರದ ಮೊಗ್ಗಿನ ಬುಟ್ಟಿಯನ್ನು ನನ್ನ ಮುಂದೆ ಇಟ್ಟ.

"ದೊಡ್ಡದೊಂದು ಹಾರ ಕಟ್ಟವ್ವ. ಪೂಜಾರ್ ಗಂಗಮ್ಮಜ್ಜಿ ತೀರಿಕೊಂಡಾಳ."

ಗಂಗಮ್ಮಜ್ಜಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಅವ್ವನ ಜೀವದ ಗೆಳತಿ. ಅದಕ್ಕೇ ಅವ್ವ ಬಂದಿಲ್ಲ ಎಂದುಕೊಂಡೆ.

"ನಾ ಮುಟ್ಟಿದ ಹೂವು ನಡೀತಾವೇನು?"

"ಸತ್ತವರಿಗೆ ಯಾವ ರೋಗ ಹತ್ತತೈತಿ? ಕಟ್ಟು."

ಎಷ್ಟೋ ದಿನದ ಮೇಲೆ ಬೆರಳಿಗೆ ಮೊಗ್ಗು ತಾಗಿತ್ತು. ನಾನು ಖುಷಿಯಿಂದಲೇ ಕಟ್ಟಿದೆ, ಸುಳ್ಳು ಯಾಕೆ ಹೇಳಲಿ. "ಅಜ್ಜಿ ಬಾಳ ಬೈಯಾಕಿ. ಸಣ್ಣದು ಕಟ್ಟಿದ್ರ ಮ್ಯಾಲೆ ಹೋಗಿನೂ ಬಯ್ದಾಳು. ದಪ್ಪ ಕಟ್ತೀನಿ ತಾಳು" ಎಂದು ನಗೆಯಾಡಿದೆ. ಅಣ್ಣ ಪಂಪ್‌ಸೆಟ್ಟಿನ ಕಡೆ ತಿರುಗಿ ನಿಂತಿದ್ದ. ಹಾರ ಎತ್ತಿಕೊಂಡು ಹೋದ. ಮಧ್ಯಾಹ್ನ ಊರ ಕಡೆಯಿಂದ ಭಜನೆಯ ತಾಳ ಕೇಳಿಸಿತು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಹೂವಿನಿಂದ ಅಲಂಕಾರ ಮಾಡಿ, ಭಜನೆ ಮಾಡುತ್ತಾ ಹೊಲಕ್ಕೆ ಒಯ್ದು ಮಣ್ಣು ಕೊಡುತ್ತಾರೆ. ಹೆತ್ತ ಮಕ್ಕಳ ಒಂದೊಂದು ಹಿಡಿ ಮಣ್ಣು ಬೀಳದೆ ಕುಣಿ ಮುಚ್ಚುವುದಿಲ್ಲ. ನಾನು ಕೂತಲ್ಲೇ ಕೈಮುಗಿದು, "ಶಿವಾ, ಅಜ್ಜಿಗೆ ಒಳ್ಳೇದು ಮಾಡಪ್ಪ" ಎಂದೆ.

ಮರುದಿನ ಅಣ್ಣ ಮತ್ತೊಂದು ಸುದ್ದಿ ತಂದ. ಅವ್ವ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ, ತೊಡೆಯ ಎಲುಬು ಮುರಿದಿದೆ, ಪಟ್ಟು ಹಾಕಿ ಮಲಗಿಸಿದ್ದಾರೆ. ನಾನು ಚಪ್ಪಲಿ ಮೆಟ್ಟಿಕೊಂಡೇ ಎದ್ದೆ.

"ಬಂದು ಏನ್ ಮಾಡ್ತಿ?" ಅಣ್ಣ ಅಡ್ಡ ನಿಂತ. "ಹಾಸಿಗಿ ಹಿಡದ ಮುದಿಜೀವ. ನಿನ್ನ ಉಸಿರು ತಾಗಿ ಅಕಿಗೂ ಇದು ಹತ್ತಿದ್ರ ಮುಗೀತು. ಆ ಪಾಪ ಹೊರತಿಯೇನು?"

ಚಪ್ಪಲಿ ಬಿಟ್ಟು ಕೂತೆ.

ಅವತ್ತಿನಿಂದ ನನಗೆ ಒಂದೇ ಹಟ. ಬೇಗ ಗುಣವಾಗಬೇಕು, ಅವ್ವನ ಚಾಕರಿ ಮಾಡಬೇಕು. ಅಲ್ಲಿಯವರೆಗೆ ಮಾತ್ರೆ ಕಂಡರೆ ಓಕರಿಕೆ ಬರುತ್ತಿತ್ತು, ಈಗ ನರ್ಸಮ್ಮನ ಹಾದಿ ಕಾಯುತ್ತಿದ್ದೆ. ಸೇರದಿದ್ದರೂ ಉಂಡೆ. ಬೆಳಿಗ್ಗೆ ಎದ್ದು ಹೊಳೆಯ ಗಾಳಿಗೆ ತಿರುಗಾಡಿದೆ. ಬೇಲಿಯ ಹತ್ತಿರ ಬಂದ ಮಗಳನ್ನು ಕೇಳುತ್ತಿದ್ದೆ: "ಅಜ್ಜಿ ಏನ್ ಮಾಡಾಕ ಹತ್ತ್ಯಾಳ?"

"ಮಕ್ಕಂಡಾಳ."

ಮಲಗಿದ್ದಾಳೆಂದು ಅಷ್ಟೇ ಹೇಳಿ ಓಡುತ್ತಿತ್ತು. ಊರ ಸುದ್ದಿ ಕೂಗುವುದೂ ನಿಂತಿತು. ಅಜ್ಜಿಯ ನೋವು ನೋಡಿ ಕೂಸು ಸಪ್ಪಗಾಗಿದೆ ಎಂದುಕೊಂಡೆ. ಅಣ್ಣನ ಕೈಯಲ್ಲಿ ಅವ್ವನಿಗೆ ಮಾತು ಕಳಿಸುತ್ತಿದ್ದೆ. "ಗುಣ ಆಗಿ ಬಂದು ಕಾಲು ಒತ್ತತೀನಿ ಅಂತ ಹೇಳು." ಸಂಜೆ ಅಣ್ಣ ಉತ್ತರ ತರುತ್ತಿದ್ದ: "ಅವ್ವ ಅಂದ್ಲು, ರಾಣಿ ಕೈಲೆ ಕಾಲು ಒತ್ತಿಸ್ಕೊಳ್ಳೋ ಪುಣ್ಯ ಯಾರಿಗೈತಿ ಅಂತ." ನಾನು ಬಿದ್ದು ಬಿದ್ದು ನಗುತ್ತಿದ್ದೆ. ಒಮ್ಮೆ ಮೊಸರು ಹುಳಿಯಾಗಿದೆ ಎಂದು ಹೇಳಿ ಕಳಿಸಿದ್ದಕ್ಕೆ, "ಅರಮನಿ ಅಡಿಗಿ ಭಟ್ಟರು ಇವತ್ತು ರಜಾ ಹಾಕ್ಯಾರ" ಎಂಬ ಉತ್ತರ ಬಂತು. ಯಜಮಾನರು ಹರಪನಹಳ್ಳಿಯಿಂದ ಬಂದಾಗ ಅದನ್ನೇ ಹೇಳಿ ನಗಿಸಲು ನೋಡಿದೆ. ಅವರು ತಲೆ ಬಗ್ಗಿಸಿ ಬೀಡಿ ಹಚ್ಚಿದರು.

ಹೀಗೇ ಶ್ರಾವಣ ಬಂತು, ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ, ಉಂಡಿಯ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು; ತೌರುಮನೆಯ ಉಂಡಿ ತಿನ್ನದ ಮಗಳಿಲ್ಲ. ಅತ್ತಿಗೆ ಬುಟ್ಟಿ ತಂದಿಟ್ಟಳು. ಒಳಗೆ ಮೂರು ಸ್ಟೀಲಿನ ಡಬ್ಬಿ. ಡಬ್ಬಿಗಳ ಮೇಲೆ ಹೆಸರು ಕೊರೆಸಿರುವುದು ಎಲ್ಲಾ ಮನೆಗಳಲ್ಲೂ ಉಂಟಲ್ಲ. ನಾನು ಸುಮ್ಮನೆ ಓದಿದೆ. ಒಂದರ ಮೇಲೆ ಅಂಗಡಿಯವರ ಹೆಸರು. ಇನ್ನೊಂದು ಹಿಂದಿನ ಓಣಿಯವರದು. ಮೂರನೆಯದು ಪೂಜಾರ್ ಗಂಗಮ್ಮನದು.

ಸಾವಾದ ಮನೆಯಲ್ಲಿ ವರ್ಷ ತುಂಬುವತನಕ ಹಬ್ಬ ಮಾಡುವುದಿಲ್ಲ. ಉಂಡಿ ಕಟ್ಟುವ ಹಾಗಿಲ್ಲ, ಎಣ್ಣೆ ಬಾಣಲೆ ಇಡುವ ಹಾಗಿಲ್ಲ. ಆ ಮನೆಯ ಮಕ್ಕಳು ಉಂಡಿಗೆ ಬಾಯಿ ಬಿಡಬಾರದೆಂದು ಓಣಿಯವರೇ ತಮ್ಮ ತಮ್ಮ ಮನೆಯಲ್ಲಿ ಮಾಡಿದ್ದನ್ನು ಡಬ್ಬಿ ತುಂಬಿ ತಂದು ಕೊಡುತ್ತಾರೆ. ಇದು ಓಣಿಯ ನಾಯಿಗೂ ಗೊತ್ತಿರುವ ಪದ್ಧತಿ.

ನಾನು ಎಳ್ಳುಂಡಿ ಕೈಯಲ್ಲಿ ಹಿಡಿದೇ ಕೇಳಿದೆ: "ಅತ್ತಿಗಿ, ಗಂಗಮ್ಮಜ್ಜಿ ಸತ್ತು ಇನ್ನ ವರ್ಷ ಆಗಿಲ್ಲ. ಅವರ ಮನ್ಯಾಗ ಉಂಡಿ ಹೆಂಗ ಕಟ್ಟಿದ್ರು?"

ಅತ್ತಿಗೆ ಡಬ್ಬಿಯನ್ನು ನೋಡಿದಳು.

"ನಮ್ಮ ಮನಿ ಉಂಡಿ ಎಲ್ಲಿ ಅತ್ತಿಗಿ?"

ಅತ್ತಿಗೆ ದನಿ ತೆಗೆದು ಅತ್ತಳು. ಬೇರೆ ಏನೂ ಹೇಳುವುದು ಬೇಕಾಗಲಿಲ್ಲ.

ಅಣ್ಣ ಓಡಿ ಬಂದ. ಬೇಸಿಗೆಯ ಆ ದಿನ ಅವ್ವ ಬೆಳಗಿನ ಹೊತ್ತು ನನಗೆಂದೇ ರೊಟ್ಟಿ ಬಡಿಯುತ್ತಾ ಕೂತವಳು ಎದೆ ಹಿಡಿದುಕೊಂಡು ಒಲೆಯ ಮುಂದೆ ವಾಲಿದಳಂತೆ. "ಮನಸಿಗೆ ಹಚ್ಕೊಂಡು ನೀ ಮಾತ್ರಿ ಬಿಟ್ಟೀ ಅಂತ ಹೆದರಿದ್ವಿ ತಂಗಿ. ಎಲ್ಲಾರೂ ಕುಂತು ಮಾತಾಡೇ ಹಂಗ ಮಾಡಿದ್ವಿ."

"ಎಲ್ಲಾರೂ ಅಂದ್ರ ಯಾರ್‍ಯಾರು?"

ಯಜಮಾನರು. ಅತ್ತಿಗೆ. ನರ್ಸಮ್ಮ. ಹೂ ಬಿಡಿಸಲು ಬರುವ ಹೆಣ್ಣುಮಕ್ಕಳು. ಜೀವಂತವಾಗಿದ್ದೂ ಸತ್ತವಳಾಗಲು ಒಪ್ಪಿದ ಗಂಗಮ್ಮಜ್ಜಿ. ರೂಪಾಳಿಗೆ, "ಅಮ್ಮ ಕೇಳಿದ್ರ ಮಕ್ಕಂಡಾಳ ಅನ್ನು, ಇಲ್ಲಾಂದ್ರ ಅಮ್ಮನೂ ಸಾಯ್ತಾಳ" ಎಂದು ಹೇಳಿಕೊಟ್ಟಿದ್ದರು. ಅಷ್ಟರಲ್ಲಿ ಅತ್ತಿಗೆ ಅಳುತ್ತಲೇ ಇನ್ನೊಂದು ಹೊರಹಾಕಿದಳು: "ಇನ್ನ ಯಾರಿಗೂ ಹತ್ತಂಗಿಲ್ಲ, ಮನಿಗೆ ಕರಕೊಂಡು ಹೋಗ್ರಿ ಅಂತ ಡಾಕ್ಟ್ರು ಅಂದು ಬಾಳ ದಿನ ಆತು ನೀಲಾ. ಮನಿಗೆ ಬಂದ್ರ ನಿನಗ ಗೊತ್ತಾಗಿಬಿಡತೈತಿ ಅಂತ ಇಲ್ಲೇ..."

ಹಾಗಾದರೆ ಬೇಸಿಗೆಯಿಂದ ನಾನು ತೋಟದಲ್ಲಿದ್ದದ್ದು ರೋಗಕ್ಕಲ್ಲ. ಸುಳ್ಳಿಗೆ.

ನನ್ನವ್ವನ ಹಾರ ನನ್ನ ಕೈಯಲ್ಲೇ ಕಟ್ಟಿಸಿದ್ದರು, ನಾನು ನಗೆಯಾಡುತ್ತಾ ಕಟ್ಟಿದ್ದೆ. "ನಿನ್ನ ಕೈಯಿಂದ ಅಕಿಗೆ ಅಷ್ಟಾದ್ರೂ ಮುಟ್ಲಿ ಅಂತ" ಎಂದ ಅಣ್ಣ. ಇರಬಹುದು, ಅದು ಪ್ರೀತಿಯೇ ಇರಬಹುದು. ಆದರೆ ಸತ್ತ ಅವ್ವನ ಬಾಯಲ್ಲಿ ಮಾತು ಹುಟ್ಟಿಸಿ ತಂದು ನನ್ನನ್ನು ನಗಿಸಿದನಲ್ಲ, ಆ ನಗೆಯನ್ನು ನಾನು ಎಲ್ಲಿಗೆ ಒಯ್ದು ಚೆಲ್ಲಲಿ? ಹಿಡಿ ಮಣ್ಣು ಕೊಡುವುದನ್ನು ತಪ್ಪಿಸಿದ್ದನ್ನು ಹೇಗೋ ನುಂಗಿಕೊಂಡೇನು. ಆ ನಗೆಯನ್ನು ನುಂಗಲಾರೆ.

"ಅವ್ವ ಕೆಮ್ಮಿದ್ದಳೇನು?" ಎಂದು ಕೇಳಿದೆ.

"ಇಲ್ಲ" ಎಂದ ಅಣ್ಣ, ತಟ್ಟನೆ.

ಆ ‘ಇಲ್ಲ’ ಬಹಳ ಬೇಗ ಬಂತು ಎನಿಸಿತು. ಅಲ್ಲಿಂದ ನನ್ನ ಎರಡನೆಯ ರೋಗ ಶುರುವಾಯಿತು.

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ. ನಾನು ನೀರನ್ನೂ ಊದಿ ಕುಡಿಯತೊಡಗಿದೆ. ಎದೆ ಹಿಡಿದು ಸತ್ತಳು ಎನ್ನುತ್ತಾರೆ. ಎಲುಬು ಮುರಿದಿದೆ ಎಂದವರೂ ಇವರೇ. ಅವ್ವ ನನ್ನ ಕೌದಿಯ ಮೇಲೆ ಕೂರುತ್ತಿದ್ದಳು. ನನ್ನ ಉಸಿರು ತಾಗಿ ಅವಳಿಗೂ ಹತ್ತಿದ್ದರೆ? ನನ್ನ ರೋಗವೇ ಅವಳನ್ನು ತಿಂದಿದ್ದರೆ? ಅದನ್ನು ಇವರು ಹೇಳುತ್ತಾರೆಯೇ? ಮನೆಗೆ ಬಾ ಎಂದು ಕರೆದರು. ಹೋಗಲಿಲ್ಲ. ಆ ಮನೆಯಲ್ಲಿ ನನ್ನ ಮಗಳಿದ್ದಾಳೆ. ಒಬ್ಬಳನ್ನು ತಿಂದ ಉಸಿರು ಇನ್ನೊಬ್ಬಳಿಗೆ ತಾಗಬಾರದು. ಅಷ್ಟು ದಿನ ಅವರು ಇಟ್ಟ ತೋಟದಲ್ಲಿ ಈಗ ನಾನೇ ಇದ್ದೆ.

ಕೋಣೆಯ ಸುತ್ತ ಒಲೆಯ ಬೂದಿಯಿಂದ ಗೆರೆ ಎಳೆದೆ. ಯಾರೂ ದಾಟಬಾರದು. ಬುಟ್ಟಿಯನ್ನು ಗೆರೆಯ ಆಚೆ ಇಟ್ಟು ಹೋಗಬೇಕು. ತಾಟು ಲೋಟ ಕುದಿಸಿದೆ, ಸೀರೆ ಕುದಿಸಿದೆ, ಸೌದೆ ತೀರಿದರೆ ಬೇಲಿಯ ಮುಳ್ಳು ಮುರಿದು ಒಲೆಗಿಟ್ಟೆ. ಕೈ ತೊಳೆದು ತೊಳೆದು ಬೆರಳ ಸಂದಿ ಬಿರಿಯಿತು. ರೂಪಾ ಬೇಲಿಯಿಂದ ಗೆರೆಯ ಹತ್ತಿರ ಬಂದರೆ ಕೋಲು ತೋರಿಸಿ ಹಿಂದೆ ಕಳಿಸುತ್ತಿದ್ದೆ.

ಹಾದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದೆ. ಹೊಳೆಗೆ ಬಟ್ಟೆ ಒಗೆಯಲು ಹೊರಟವರನ್ನು, ಹೂವಿನ ವ್ಯಾಪಾರಿಯನ್ನು, ಎಮ್ಮೆ ಕಾಯುವವರನ್ನು: "ಅವ್ವ ಕೆಮ್ಮಿದ್ದಳೇನು?" ಎಲ್ಲರೂ ಇಲ್ಲ ಎಂದರೆ, ಎಲ್ಲರಿಗೂ ಹೇಳಿಕೊಟ್ಟಿದ್ದಾರೆ ಎನಿಸುತ್ತಿತ್ತು. ಒಬ್ಬಾಕೆ ಮಾತ್ರ, "ವಯಸಾದೋರು ಯಾರು ಕೆಮ್ಮಂಗಿಲ್ಲವ್ವ?" ಎಂದಳು. ಆ ಒಂದು ಮಾತನ್ನು ಜೋಳದ ಕಾಳಿನ ಹಾಗೆ ದವಡೆಯಲ್ಲಿಟ್ಟುಕೊಂಡು ದೀಪಾವಳಿತನಕ ಅಗಿದೆ.

ಒಂದು ದಿನ ಗಂಗಮ್ಮಜ್ಜಿಯೇ ಕೋಲೂರಿಕೊಂಡು ಬಂದಳು.

"ಏನವ್ವ, ಇದ್ದಾಕಿನ್ನ ಇದ್ದಂಗ ಸಾಯಿಸಿದ್ರಿ. ಹೋಗ್ಲಿ, ಹಾರ ಅಂತೂ ದಪ್ಪ ಕಟ್ಟಿದ್ದಿಯಂತ?"

ನನಗೆ ನಗು ಬರಲಿಲ್ಲ. "ಅಜ್ಜಿ, ಅವ್ವ ಕೆಮ್ಮಿದ್ದಳೇನು?"

"ಇಲ್ಲಲೇ. ನಿಮ್ಮವ್ವಗ ಕಡೀ ಜಳಕ ಮಾಡಿಸಿದಾಕಿ ನಾ. ಹಿಂದಿನ ದಿನ ಸಂಜಿಮಟ ನನ್ನ ಕಟ್ಟಿಮ್ಯಾಲೇ ಕುಂತು ನಕ್ಕೊಂ‌ತ ಹೋಗ್ಯಾಳ. ಒಂದ್ ಸರ್ತಿನೂ ಕೆಮ್ಮಲಿಲ್ಲ."

"ಅಣ್ಣ ಹೇಳಿಕೊಟ್ಟು ಕಳಿಸ್ಯಾನೇನು?"

ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದಳು. "ಒಂದ್ ಸಲ ಸುಳ್ಳಾಡಿದ್ದಕ್ಕ ನನ್ನ ಬಾಯಿ ಪೂರಾ ಸುಳ್ಳಾತೇನು? ಆತು ಬಿಡು. ನಿನಗ ಕೆಮ್ಮಿನ ರೋಗ ಹೋಗಿ ಅನುಮಾನದ್ದು ಹತ್ತೈತಿ. ಇದಕ್ಕ ಸರ್ಕಾರದೋರು ಪುಕ್ಕಟೆ ಮಾತ್ರಿ ಕೊಡಂಗಿಲ್ಲವ್ವ" ಎಂದು ಹಾದಿ ಹಿಡಿದಳು. ಮತ್ತೆ ಬರಲಿಲ್ಲ.

ಮಾತ್ರೆ ಮುಗಿಯಿತು. ಡಾಕ್ಟರು ಕಫ ನೋಡಿಸಿ, "ಪೂರ್ತಿ ಗುಣ ಆಗಿದ್ದೀರಿ" ಎಂದರು. "ನಮ್ಮಣ್ಣ ನಿಮಗ ಮೊದಲೇ ಏನಾರ ಹೇಳ್ಯಾನೇನ್ರಿ?" ಎಂದು ಕೇಳಿದೆ. ನಂಬಿಕೆ ಸಾಲದೆ ಹರಪನಹಳ್ಳಿಯಲ್ಲಿ ಎದೆಯ ಫೋಟೋ ತೆಗೆಸಿದೆ. ಅಲ್ಲೂ ಅಣ್ಣನ ಗುರುತಿನವರು ಇರಬಹುದೆಂದು ದಾವಣಗೆರೆಗೆ ಹೋಗಿ ಬೇರೆ ಹೆಸರು ಬರೆಸಿ ಮತ್ತೊಂದು ತೆಗೆಸಿದೆ. ಎಲ್ಲರೂ ಒಂದೇ ಮಾತು ಹೇಳಿದರು. ಆ ಕರಿ ಹಾಳೆಗಳನ್ನು ತಂದು ತೋಟದ ತಂತಿಗೆ ಬಟ್ಟೆಯ ಹಾಗೆ ಹಾಕಿ, ಬಿಸಿಲಿಗೆ ಹಿಡಿದು, ನನ್ನ ಪಕ್ಕೆಲುಬಿನ ಸಂದಿಯಲ್ಲಿ ಅವ್ವನ ಸಾವನ್ನು ಹುಡುಕುತ್ತಾ ಕೂರುತ್ತಿದ್ದೆ. ಯಜಮಾನರು ಬಂದರು, ಬೇಡಿಕೊಂಡರು, ಅತ್ತರು. "ನೀವೂ ಕುಂತು ಮಾತಾಡಿದೋರಲ್ರೀ" ಎಂದು ಒಂದೇ ಮಾತಿನಲ್ಲಿ ಅವರ ಬಾಯಿ ಕಟ್ಟಿದೆ.

ಒಂದು ಮಧ್ಯಾಹ್ನ ಅರ್ಧ ರೊಟ್ಟಿ ಉಂಡು ಸಾಕಾಗಿ, ಕೈ ತೊಳೆಯಲು ಪಂಪಿನ ತೊಟ್ಟಿಗೆ ಹೋಗಿದ್ದೆ. ತೊಳೆಯುವುದೆಂದರೆ ಸಣ್ಣ ಕೆಲಸವಲ್ಲ ಆಗ, ಹೊತ್ತು ಹಿಡಿಯುತ್ತಿತ್ತು. ತಿರುಗಿ ಬಂದರೆ ರೂಪಾ ಬೂದಿಯ ಗೆರೆಯೊಳಗೆ, ನನ್ನ ಚಾಪೆಯ ಮೇಲೆ, ನನ್ನ ತಾಟಿನ ಮುಂದೆ. ನಾನು ಬಿಟ್ಟ ರೊಟ್ಟಿ ಬಾಯಿ ತುಂಬ. ಕೈಯಲ್ಲಿ ನನ್ನ ಲೋಟ.

"ಏನ್ ಮಾಡಿದೆಲೇ!"

ಕೂಸು ಹೆದರಲಿಲ್ಲ. ನುಂಗಿ, ನೀರು ಕುಡಿದು ಹೇಳಿತು: "ನಿನ್ನ ಎಂಜಲ ತಿಂದೀನಿ. ಇನ್ನ ನನಗೂ ಕೆಮ್ಮು ಬರತೈತಿ. ಕೆಮ್ಮು ಬಂದೋರು ತೋಟದಾಗ ಇರಬೇಕು ಅಂತ ಮಾಮ ಹೇಳ್ಯಾನ. ಇನ್ನ ನಾನೂ ಇಲ್ಲೇ." ಆಮೇಲೆ ಗಂಟಲು ಕೆರೆದುಕೊಂಡು ಜೋರಾಗಿ ಕೆಮ್ಮಿ ತೋರಿಸಿತು. "ನೋಡು, ಬಂತು."

ಹಾರಿ ಹಿಡಿದು ಬಾಯಿಗೆ ಬೆರಳು ಹಾಕಿದೆ, ತಿಂದದ್ದನ್ನು ತೆಗೆಯಲು. ಕಚ್ಚಿತು. ಬಿಡಿಸಿಕೊಳ್ಳಲು ಕೊಸರಾಡಿತು. ಆಗ ತಿಳಿಯಿತು, ಅವಳು ನನ್ನ ತೊಡೆಯ ಮೇಲಿದ್ದಾಳೆ. ಹಿಂದಿನ ಸುಗ್ಗಿಯ ಮೇಲೆ ನಾನು ಮಗಳನ್ನು ಮುಟ್ಟಿದ್ದು ಅದೇ ಮೊದಲು. ಎಷ್ಟು ಉದ್ದವಾಗಿದ್ದಳು. ಮುಂದಿನ ಹಲ್ಲೊಂದು ಬಿದ್ದಿತ್ತು, ಅದೂ ನನಗೆ ಗೊತ್ತಿರಲಿಲ್ಲ.

ಎತ್ತಿಕೊಂಡು ಹಾಗೇ ಹೊರಟೆ, ಉಟ್ಟ ಸೀರೆಯಲ್ಲೇ. ಬಸ್ಸಿನಲ್ಲಿ ತೊಡೆಯ ಮೇಲೇ ನಿದ್ದೆ ಹೋಯಿತು. ದವಾಖಾನೆಯ ಕಟ್ಟೆಯ ಮೇಲೆ ಸರದಿಗೆ ಕಾಯುವಾಗ ಅದರ ಬಿಸಿ ಉಸಿರು ನನ್ನ ಕೊರಳಿಗೆ ತಾಗುತ್ತಿತ್ತು. ಪಕ್ಕದ ಮುದುಕನೊಬ್ಬ, "ಕೂಸಿಗೆ ಏನಾಗೈತವ್ವ?" ಎಂದ. "ನನ್ನ ಎಂಜಲ ತಿಂದೈತ್ರಿ" ಎಂದೆ. ಅವನು ನನ್ನನ್ನು ನೋಡಿ ಸ್ವಲ್ಪ ಸರಿದು ಕೂತ. ರೋಗಕ್ಕೆ ಹೆದರಿಯಲ್ಲ, ಹುಚ್ಚಿಗೆ.

ಡಾಕ್ಟರು ಎದೆಗೆ ಕೊಳವೆ ಇಟ್ಟು, ಬೆನ್ನು ಬಡಿದು, ಕಣ್ಣು ನಾಲಿಗೆ ನೋಡಿದರು. "ಏನೂ ಆಗಿಲ್ಲಮ್ಮ. ಏನೂ ಆಗೋದೂ ಇಲ್ಲ. ನಿಮ್ಮಲ್ಲೇ ರೋಗ ಇಲ್ಲ, ಇವಳಿಗೆ ಎಲ್ಲಿಂದ ಬರಬೇಕು?"

"ಇನ್ನೊಮ್ಮೆ ನೋಡ್ರಿ."

ಅವರು ಕೊಳವೆಯನ್ನು ಮೇಜಿನ ಮೇಲೆ ಇಟ್ಟರು. "ಇನ್ನೆಷ್ಟು ಸಲ ಹೇಳಿದರೆ ನಂಬ್ತೀರಮ್ಮ?"

ಎಷ್ಟು ಸಲ ಹೇಳಿದರೂ ಅಷ್ಟೇ ಎಂದು ನನಗೇ ಅಲ್ಲಿ ತಿಳಿದದ್ದು.

ರೂಪಾ ಮಧ್ಯೆ ಬಾಯಿ ಹಾಕಿತು: "ಹಂಗಾರ ನನಗ ಕೆಮ್ಮು ಬರಂಗಿಲ್ಲೇನ್ರಿ?"

"ಇಲ್ಲಮ್ಮ, ನೀನು ಗಟ್ಟಿಮುಟ್ಟಾಗಿದ್ದೀಯ."

ಅಷ್ಟು ಕೇಳಿದ್ದೇ ತಡ, ಕೂಸು ನೆಲಕ್ಕೆ ಕೂತು ಗೋಳೋ ಎಂದು ಅಳತೊಡಗಿತು. ಪಡಸಾಲೆಯವರೆಲ್ಲ ಬಾಗಿಲಿಗೆ ಬಂದು ಇಣುಕಿದರು. ಅಲ್ಲಿ ಸೂಜಿಗೆ ಅತ್ತ ಮಕ್ಕಳನ್ನು ಅವರು ಕಂಡಿದ್ದರು. ಗಟ್ಟಿಮುಟ್ಟಾಗಿದ್ದೀ ಎಂದದ್ದಕ್ಕೆ ಅತ್ತ ಕೂಸನ್ನು ಯಾರೂ ಕಂಡಿರಲಿಲ್ಲ.

ನಾನು ಎತ್ತಿಕೊಂಡೆ. ಡಾಕ್ಟರ ಮಾತು ನಂಬಿ ಎತ್ತಿಕೊಂಡೆ ಎಂದು ಬರೆದರೆ ಚೆನ್ನಾಗಿ ಕಾಣುತ್ತಿತ್ತು. ನಂಬಿಕೆ ಬಂದಿರಲಿಲ್ಲ. ಆದರೆ ನಂಬಿಕೆ ಬರಲಿ ಎಂದು ಕಾಯುತ್ತಾ ಕೂತರೆ ಈ ಕೂಸು ರೋಗವನ್ನು ಬೇಡುತ್ತಾ ಬೆಳೆಯುತ್ತದೆ ಎಂದು ಮಾತ್ರ ಕಂಡಿತು.

"ಬಾ, ಮನಿಗೆ ಹೋಗೂಣು" ಎಂದೆ.

"ಯಾವ ಮನಿಗೆ?"

"ನೀ ಇರೋ ಮನಿಗೆ."

ಬೇನೆ ಬಿದ್ದವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು ಹೇಳುತ್ತೇನೆ, ದೊಡ್ಡವಳೆಂದಲ್ಲ, ಅನುಭವಿಸಿದವಳೆಂದು. ಸಾವಿನ ಸುದ್ದಿಯನ್ನು ಬೇನೆಯವರಿಂದ ಮುಚ್ಚಿಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು, ಮರುಕದಿಂದಲೇ ಮಾಡುತ್ತಾರೆ. ಆದರೆ ಸುಳ್ಳು ಒಂದು ಸಾವನ್ನು ಮುಚ್ಚಿ ಸುಮ್ಮನಾಗುವುದಿಲ್ಲ. ಆಮೇಲೆ ನೀವು ಆಡುವ ಸತ್ಯಗಳನ್ನೆಲ್ಲ ಒಂದೊಂದಾಗಿ ಸಾಯಿಸುತ್ತದೆ. ನನಗೆ ಅಂದೇ ಹೇಳಿದ್ದರೆ ಅತ್ತು ಹೊರಳಾಡುತ್ತಿದ್ದೆ, ಎರಡು ದಿನ ಮಾತ್ರೆ ಉಗುಳುತ್ತಿದ್ದೆನೋ ಏನೋ. ಆಮೇಲೆ ನುಂಗುತ್ತಿದ್ದೆ. ಅವ್ವ ಕೆಮ್ಮಿದ್ದಳೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಇಲ್ಲ ಎಂದೇ ಎಲ್ಲರೂ ಹೇಳುತ್ತಾರೆ. ಕೇಳುವುದನ್ನು ಬಿಟ್ಟಿದ್ದೇನೆ, ಅಷ್ಟೇ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಅತ್ತಿಗೆ ಎಲ್ಲರ ತಾಟು ಇಡುವ ಗೂಡಿನಿಂದ ಒಂದು ತಾಟು ತೆಗೆದು, ಎಲ್ಲರ ಸಾಲಿನಲ್ಲಿ ಹಾಕಿ, ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ರೂಪಾ ನನ್ನ ತೊಡೆ ಬಿಟ್ಟು ಇಳಿಯಲಿಲ್ಲ. ನಾನು ತಾಟನ್ನೇ ನೋಡುತ್ತಾ ಕೂತಿದ್ದೆ. ಎದುರಿಗೆ ಅಣ್ಣ, ಅವನ ಎರಡೂ ಮಕ್ಕಳು. ಎಲ್ಲರ ಉಸಿರೂ ಒಂದೇ ಕೋಣೆಯಲ್ಲಿ.

"ತಪ್ಪಾತು ತಂಗಿ" ಎಂದ ಅಣ್ಣ.

"ಅದನ್ನರ ಹೆಂಗ ನಂಬ್ಲಿ ಅಣ್ಣಾ?"

ಅವನು ತನ್ನ ತಾಟಿನಿಂದ ರೊಟ್ಟಿ ಮುರಿದು ಪಲ್ಯ ಹಚ್ಚಿ ನನ್ನ ತಾಟಿನ ಅಂಚಿಗೆ ಇಟ್ಟ.

"ನಂಬಬ್ಯಾಡ" ಎಂದ. "ಉಣ್ಣು."

ಉಂಡೆ.